ಬೆಣ್ಣೆ ದೋಸೆಗೊಂದು ದಪ್ಪಕ್ಷರ: ಅಗಲವಾದ ದುಂಡು ಕನ್ನಡ ಫಾಂಟ್ ಕಟ್ಟಿದ ಕೆಲಸದ ದಿನಚರಿ

ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನದೊಂದು ಬೆಣ್ಣೆ ದೋಸೆ ಹೋಟೆಲಿದೆ. ಅದರ ಬೋರ್ಡು ತಗಡಿನದು, ಎನಾಮಲ್ ಬಣ್ಣದಲ್ಲಿ ಕೈಯಿಂದ ಬರೆಸಿದ್ದು. ಮಳೆ, ಬಿಸಿಲು, ಸೌದೆ ಒಲೆಯ ಹೊಗೆ ಮೂರೂ ಸೇರಿ ಅಕ್ಷರಗಳನ್ನು ತಿಂದುಹಾಕಿದ್ದವು. ಹೊಸದು ಮಾಡಿಸಬೇಕೆಂದು ಚಿಕ್ಕಪ್ಪ ಹೇಳಿದಾಗ ಅವರ ಬೇಡಿಕೆ ಎರಡೇ ಇದ್ದವು. ರಸ್ತೆಯ ಆ ಬದಿಯಿಂದ ಓದಲು ಬರಬೇಕು. ಅಕ್ಷರ ದೋಸೆಯ ಹಾಗೆಯೇ ದುಂಡಗೆ, ದಪ್ಪಗೆ, ಮೆತ್ತಗೆ ಇರಬೇಕು.

ನಾನು ಬೋರ್ಡು ಮಾಡುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಫ್ಲೆಕ್ಸ್, ಎಸಿಪಿ ಶೀಟು (ಅಲ್ಯೂಮಿನಿಯಂ ಹೊದಿಕೆಯ ಹಲಗೆ), ಒಳಗೆ ಎಲ್‌ಇಡಿ ಕೂರಿಸಿದ ಅಕ್ರಿಲಿಕ್ ಅಕ್ಷರ, ಇವೇ ನನ್ನ ದಿನದ ಕೆಲಸ. ರಾತ್ರಿ ಮನೆಯಲ್ಲಿ ಕೂತು ಅಕ್ಷರ ಬಿಡಿಸುವುದು ನನ್ನ ಆಸೆಯ ಕೆಲಸ. ಚಿಕ್ಕಪ್ಪ ಹೇಳಿದ ತೆರನ ಅಕ್ಷರಕ್ಕಾಗಿ ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿದೆ. ರೋಮನ್ ಲಿಪಿಯಲ್ಲಿ ದಪ್ಪ, ಅಗಲ, ದುಂಡು ತುದಿಯ ಅಕ್ಷರಗಳಿಗೆ ಬರವಿಲ್ಲ. ಫೋಕ್ಸ್‌ವ್ಯಾಗನ್ ಕಂಪನಿಗಾಗಿ 1979ರಲ್ಲಿ ಬಂದ ವ್ಯಾಗ್ ರೌಂಡೆಡ್‌ನಿಂದ ಹಿಡಿದು ಇಂದಿನವರೆಗೆ ಒಂದರ ಹಿಂದೆ ಒಂದು ಬಂದಿವೆ. ಕನ್ನಡದಲ್ಲಿ ಎಕ್ ಟೈಪ್ ಸಂಸ್ಥೆಯವರ ‘ಬಲೂ ತಮ್ಮ’ ಇದೆ. ತುಂಬ ಪ್ರೀತಿಯಿಂದ ಮಾಡಿದ ದಪ್ಪಕ್ಷರ ಅದು, ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಬಳಸಬಹುದು. ನಾನೂ ಎಷ್ಟೋ ಬೋರ್ಡುಗಳಿಗೆ ಬಳಸಿದ್ದೇನೆ. ಆದರೆ ಅದರ ಚೆಲುವು ಇರುವುದು ಕುಣಿಯುವ ನಡಿಗೆಯಲ್ಲಿ. ನನಗೆ ಬೇಕಾಗಿದ್ದು ಚಕ್ಕಳಮಕ್ಕಳ ಹಾಕಿ ಕೂತಂತಹ ಅಗಲ.

ಇರುವ ಫಾಂಟನ್ನೇ ಅಡ್ಡಕ್ಕೆ ಎಳೆದುಬಿಡುವುದು ನಮ್ಮ ಕಸುಬಿನಲ್ಲಿ ದಿನನಿತ್ಯ ನಡೆಯುವ ಕೆಲಸ. ಅದು ನನ್ನ ಕಣ್ಣಿಗೆ ಚುಚ್ಚುತ್ತದೆ. ಅಡ್ಡಕ್ಕೆ ನೂರಕ್ಕೆ ನೂರ ನಲವತ್ತರಷ್ಟು ಎಳೆದರೆ ನಿಂತ ಗೆರೆಗಳು ಮಾತ್ರ ಅಷ್ಟು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ. ದುಂಡು ತುದಿಗಳು ಯಾರೋ ಮೇಲೆ ಕೂತೆದ್ದ ಹಾಗೆ ಚಪ್ಪಟೆಯಾಗುತ್ತವೆ. ಹೀಗಾಗಿ ಹೊಸದಾಗಿಯೇ ಬಿಡಿಸಲು ನಿರ್ಧರಿಸಿದೆ. ಬೋರ್ಡಿಗೆ ಬೇಕಾಗಿದ್ದು ನಾಲ್ಕೇ ಅಕ್ಷರ, ಬೆ, ಣ್ಣೆ, ದೋ, ಸೆ. ಒಳಗಿನ ದರಪಟ್ಟಿಗೂ ಅದೇ ಅಕ್ಷರ ಇರಲಿ ಎಂದು ಚಿಕ್ಕಪ್ಪ ಒಂದು ಮಾತು ಸೇರಿಸಿದ್ದರಿಂದ ನಾಲ್ಕು ಅಕ್ಷರದ ಕೆಲಸ ಇಡೀ ವರ್ಣಮಾಲೆಯ ಕೆಲಸವಾಯಿತು.

ಮೊದಲ ವಾರ: ರ

ಕನ್ನಡ ಫಾಂಟನ್ನು ‘ಅ’ದಿಂದ ಶುರು ಮಾಡಬಾರದು ಎನ್ನುವುದು ಹಿಂದಿನ ಅರೆಬರೆ ಪ್ರಯತ್ನಗಳಿಂದ ನಾನು ಕಲಿತದ್ದು. ‘ರ’ದಿಂದ ಶುರು ಮಾಡಬೇಕು. ಅದರಲ್ಲಿ ಇರುವುದು ಒಂದು ಉಂಗುರ, ಮೇಲೊಂದು ತಲೆಕಟ್ಟು. ಉಂಗುರದ ಅಗಲ, ಗೆರೆಯ ದಪ್ಪ, ತಲೆಕಟ್ಟಿನ ಉದ್ದ, ತುದಿಯ ದುಂಡು, ಈ ನಾಲ್ಕು ತೀರ್ಮಾನವಾದರೆ ಅರ್ಧ ವರ್ಣಮಾಲೆಗೆ ದಾರಿ ಸಿಕ್ಕಂತೆ.

ಫಾಂಟಿನ ಅಳತೆಗೆ ಆಧಾರವಾದ ಚೌಕಕ್ಕೆ ಎಮ್ ಎನ್ನುತ್ತಾರೆ, ಒಂದು ಎಮ್‌ಗೆ 1000 ಯೂನಿಟ್ ಇಟ್ಟುಕೊಂಡೆ. ಅಕ್ಷರಗಳು ಕೂರುವ ತಳಗೆರೆಯಿಂದ ತಲೆಕಟ್ಟಿನ ಮೇಲಂಚಿನವರೆಗೆ 640. ಮೊದಲ ದಿನ ಉತ್ಸಾಹದಲ್ಲಿ ಗೆರೆಯನ್ನು 180 ಯೂನಿಟ್ ದಪ್ಪ ಮಾಡಿದೆ. ‘ರ’ ಬಹಳ ಚೆನ್ನಾಗಿ ಬಂತು, ಕೊಬ್ಬಿದ ಕುಂಬಳಕಾಯಿಯ ಹಾಗೆ. ಅದೇ ದಪ್ಪದಲ್ಲಿ ‘ಕ’ ಬಿಡಿಸಲು ಹೋದರೆ ಜಾಗವೇ ಇಲ್ಲ. ‘ಕ’ದಲ್ಲಿ ತಲೆಕಟ್ಟು, ನಡುವಿನ ಅಡ್ಡಗೆರೆ, ಕೆಳಗಿನ ಸುತ್ತು ಒಂದರ ಕೆಳಗೊಂದು ಬರುತ್ತವೆ. ಮೂರು ಗೆರೆಗೆ 540 ಹೋದರೆ ಉಳಿಯುವುದು 100, ಅದನ್ನು ಎರಡು ಸಂದಿಗೆ ಹಂಚಿದರೆ ಐವತ್ತೈವತ್ತು. ದೂರದಿಂದ ಅದು ಅಕ್ಷರವಾಗಿ ಕಾಣುವುದಿಲ್ಲ, ಕಪ್ಪು ಮುದ್ದೆಯಾಗಿ ಕಾಣುತ್ತದೆ.

ಮೂರು ರಾತ್ರಿ ಗೆರೆಯ ದಪ್ಪವನ್ನು ಹೆಚ್ಚುಕಡಿಮೆ ಮಾಡುತ್ತ ಕಳೆದೆ. ನಾಲ್ಕನೆಯ ರಾತ್ರಿ ಕಂಪ್ಯೂಟರ್ ಮುಚ್ಚಿ, ಕಪ್ಪು ಚಾರ್ಟ್ ಕಾಗದವನ್ನು ಅಂಗೈಯಗಲ ತುಂಡುಗಳಾಗಿ ಕತ್ತರಿಸಿಕೊಂಡು ಕೂತೆ. ಅಂಚುಗಳನ್ನು ದುಂಡಗೆ ಮಾಡಿ, ಬ್ಲೇಡಿನಿಂದ ಒಳಗಿನ ತೂತುಗಳನ್ನು ಮಾತ್ರ ಕೊರೆಯತೊಡಗಿದೆ. ಕೈಯಲ್ಲಿ ಬ್ಲೇಡು ಇರುವಾಗ ಗೆರೆ ಎಳೆಯಲು ಬರುವುದಿಲ್ಲ, ಖಾಲಿ ಜಾಗವನ್ನು ತೆಗೆಯಲು ಮಾತ್ರ ಬರುತ್ತದೆ. ‘ಕ’ದ ಹೊಟ್ಟೆ ಎಷ್ಟಿದ್ದರೆ ಅದು ‘ಕ’ ಆಗುತ್ತದೆ, ಎಷ್ಟಕ್ಕೆ ಇಳಿದರೆ ಸಾಯುತ್ತದೆ ಎನ್ನುವುದು ಬೆರಳಿಗೇ ಗೊತ್ತಾಗುತ್ತಿತ್ತು. ಕತ್ತರಿಸಿದ ಹದಿನಾಲ್ಕು ‘ಕ’ಗಳನ್ನು ಗೋಡೆಗೆ ಅಂಟಿಸಿ, ಹಿತ್ತಲಿನ ಬಾಗಿಲ ಬಳಿ ನಿಂತು ಕಣ್ಣು ಕಿರಿದು ಮಾಡಿ ನೋಡಿದೆ. ಬದುಕಿ ಉಳಿದವು ಐದು. ಆ ಐದರಲ್ಲೂ ಸಂದಿ ಗೆರೆಗಿಂತ ಕಿರಿದಾಗಿರಲಿಲ್ಲ.

ಅಲ್ಲಿಂದ ನಾನು ಹಿಡಿದ ದಾರಿ ಬದಲಾಯಿತು. ಒಳಜಾಗವನ್ನು ಮೊದಲು ನಿಗದಿ ಮಾಡುವುದು, ಉಳಿದದ್ದನ್ನು ಗೆರೆಗೆ ಕೊಡುವುದು. ಮಲಗಿದ ಗೆರೆ 116 ಯೂನಿಟ್ ಎಂದಿಟ್ಟುಕೊಂಡರೆ ‘ಕ’ದ ಎರಡು ಸಂದಿಗಳಿಗೆ 146 ಸಿಗುತ್ತದೆ. ನಿಂತ ಗೆರೆ 140. ಎರಡೂ ಸಮ ಇರಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಅಳತೆಯಲ್ಲಿ ಸಮ ಇಟ್ಟರೆ ಕಣ್ಣಿಗೆ ಮಲಗಿದ ಗೆರೆಯೇ ದಪ್ಪವಾಗಿ ಕಾಣುತ್ತದೆ. ಕಣ್ಣಿಗೆ ಸಮ ಕಾಣಬೇಕಾದರೆ ಅದನ್ನು ತೆಳ್ಳಗೆ ಮಾಡಲೇಬೇಕು.

ದಪ್ಪ ಎನ್ನುವುದನ್ನು ಎತ್ತರದಲ್ಲಿ ಹುಡುಕಿದರೆ ಕನ್ನಡದಲ್ಲಿ ಸಿಗುವುದಿಲ್ಲ. ಮೇಲೆ ಗುಡಿಸು, ಎತ್ವ, ಕೆಳಗೆ ಒತ್ತಕ್ಷರ, ನಡುವೆ ಅಕ್ಷರ. ಎತ್ತರದ ಒಂದೊಂದು ಯೂನಿಟ್ಟಿಗೂ ಈಗಾಗಲೇ ಒಡೆಯರಿದ್ದಾರೆ. ಅಗಲ ಮಾತ್ರ ನಮ್ಮದು. ಚಿಕ್ಕಪ್ಪ ಅಗಲವಾದ ಅಕ್ಷರ ಕೇಳಿದ್ದು ದೋಸೆಯನ್ನು ನೆನೆದು. ಆದರೆ ಲಿಪಿಯ ಲೆಕ್ಕಕ್ಕೂ ಅದೇ ಸರಿಯಾಗಿ ಕೂತಿತು.

ಎಲುಬು ಮೊದಲು, ಮೈ ಆಮೇಲೆ

ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಲಸ. ಪ್ರತಿ ಅಕ್ಷರಕ್ಕೂ ಮೊದಲು ನಡುಗೆರೆಯನ್ನಷ್ಟೇ ಎಳೆದೆ, ಅಂದರೆ ಪೆನ್ನಿನ ಮೊನೆ ನಡೆದ ದಾರಿ. ಆ ದಾರಿಗೆ ಆಮೇಲೆ ಮೈ ತುಂಬುವ ಸೌಲಭ್ಯ ಅದರಲ್ಲಿದೆ. ಮೊನೆಯ ಆಕಾರವನ್ನು ನಾವೇ ಕೊಡಬಹುದು. ನಾನು ಕೊಟ್ಟದ್ದು 140 ಅಗಲ, 116 ಎತ್ತರದ ಮೊಟ್ಟೆಯಾಕಾರ. ಅದರಿಂದ ನಿಂತ ಗೆರೆಗೆ ಒಂದು ದಪ್ಪ, ಮಲಗಿದ ಗೆರೆಗೆ ಇನ್ನೊಂದು ದಪ್ಪ ತಾನಾಗಿ ಬರುತ್ತದೆ. ತುದಿಗಳೂ ತಾವಾಗಿ ದುಂಡಗಾಗುತ್ತವೆ.

ಹೀಗೆ ಮಾಡುವುದರ ದೊಡ್ಡ ಲಾಭ ಆಗ ನನಗೆ ಅಷ್ಟಾಗಿ ತಿಳಿದಿರಲಿಲ್ಲ. ಎಲುಬನ್ನು ಬೇರೆ ಕಡತದಲ್ಲಿ ಕಾಪಾಡಿಟ್ಟುಕೊಂಡರೆ ಮೈಯನ್ನು ಯಾವಾಗ ಬೇಕಾದರೂ ತೆಳ್ಳಗೆ, ದಪ್ಪಗೆ ಮಾಡಬಹುದು. ಈ ಬೋರ್ಡು ಉಳಿದದ್ದೇ ಅದರಿಂದ. ಅದು ಮುಂದೆ ಬರುತ್ತದೆ.

ಮೈ ತುಂಬಿದ ಮೇಲಿನ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ಗೆರೆಯ ಬಾಗನ್ನು ಹಿಡಿದಿಡುವ ಬಿಂದುಗಳು ಬೇಡದ ಕಡೆಯೂ ಗೆರೆಯುದ್ದಕ್ಕೂ ಹುಟ್ಟಿಕೊಂಡಿರುತ್ತವೆ. ಅವನ್ನು ತೆಗೆಯಬೇಕು. ಪ್ರತಿ ಬಾಗಿನ ಅತಿ ಮೇಲೆ, ಅತಿ ಕೆಳಗೆ, ಎಡ, ಬಲ ತುದಿಗಳಲ್ಲಿ ಮಾತ್ರ ಬಿಂದು ಉಳಿಸಬೇಕು. ಒಂದರ ಮೇಲೊಂದು ಹಾಯ್ದ ಆಕಾರಗಳನ್ನು ಬೆಸೆಯಬೇಕು. ‘ರ’ದ ಉಂಗುರದಲ್ಲಿ ಹೊರಗೆ ನಾಲ್ಕು, ಒಳಗೆ ನಾಲ್ಕು ಬಿಂದು ಸಾಕು. ನನ್ನ ಮೊದಲ ‘ರ’ದಲ್ಲಿ ಮೂವತ್ತೊಂದು ಇದ್ದವು.

ಒಂದು ಅಕ್ಷರವನ್ನು ಹತ್ತಿರದಿಂದ ಹೇಳುತ್ತೇನೆ. ‘ಥ’. ದುಂಡು ಹೊಟ್ಟೆ, ಅದರ ನಡುವೆ ಒಂದು ಚುಕ್ಕೆ. ಹೊಟ್ಟೆಯ ಒಳಗಿನ ಎತ್ತರ 238 ಯೂನಿಟ್. ಅದರಲ್ಲಿ ಗೆರೆಯಷ್ಟೇ ದಪ್ಪದ ಚುಕ್ಕೆ ಇಟ್ಟರೆ ಮೇಲೆ ಕೆಳಗೆ ಅರುವತ್ತರಷ್ಟು ಉಳಿಯುತ್ತದೆ. ಸಂದಿ ಗೆರೆಗಿಂತ ಕಿರಿದಾಗಬಾರದು ಎಂದು ನಾನೇ ಹಾಕಿಕೊಂಡ ನಿಯಮ ಇಲ್ಲಿ ಮುರಿಯಿತು. ಚುಕ್ಕೆಯನ್ನು 100ಕ್ಕೆ ಇಳಿಸಿದೆ, ಉಂಗುರದ ಮೇಲಿನ ಮತ್ತು ಕೆಳಗಿನ ಗೆರೆಗಳನ್ನೂ 100ಕ್ಕೆ ಇಳಿಸಿದೆ. ಸಂದಿ 85 ಆಯಿತು. ಚುಕ್ಕೆಯನ್ನು ಪೂರ್ತಿ ವೃತ್ತ ಮಾಡದೆ ಕೊಂಚ ಅಡ್ಡಕ್ಕೆ ಚಾಚಿದೆ, ಅಗಲವಾದ ಹೊಟ್ಟೆಯಲ್ಲಿ ಗುಂಡು ಚುಕ್ಕೆ ಒಂಟಿಯಾಗಿ ಕಾಣುತ್ತಿತ್ತು. ಪಕ್ಕದಲ್ಲಿ ‘ದ’, ‘ಧ’ ಇಟ್ಟು ನೋಡಿದರೆ ‘ಥ’ ಕೊಂಚ ತೆಳ್ಳಗಿದೆ ಎಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಚುಕ್ಕೆಯ ಕಪ್ಪು ಆ ಕೊರತೆಯನ್ನು ತುಂಬಿಬಿಡುತ್ತದೆ. ‘ಠ’ಕ್ಕೂ ಇದೇ ಮದ್ದು.

‘ಧ’, ‘ಭ’, ‘ಢ’ಗಳ ಕೆಳಗಿನ ಸೀಳು ಇನ್ನೊಂದು ತಲೆನೋವು. ತೆಳು ಅಕ್ಷರದಲ್ಲಿ ಅದು ಚಿಕ್ಕ ಕಡ್ಡಿ. ದಪ್ಪಕ್ಷರದಲ್ಲಿ ಅದೇ ಕಡ್ಡಿ ಗಂಟಾಗುತ್ತದೆ, ‘ಧನ’ ಎನ್ನುವುದು ‘ದನ’ವಾಗಿಬಿಡುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ನಡುವಿನ ವ್ಯತ್ಯಾಸ ಕನ್ನಡದಲ್ಲಿ ಇಷ್ಟು ಸಣ್ಣ ಗುರುತಿನ ಮೇಲೆ ನಿಂತಿದೆ. ಅದನ್ನು ಅಲಂಕಾರಕ್ಕಾಗಿ ಬಲಿ ಕೊಡುವ ಫಾಂಟು ನನಗೆ ಒಪ್ಪಿಗೆಯಿಲ್ಲ. ಸೀಳನ್ನು ತಳಗೆರೆಯಿಂದ 90 ಯೂನಿಟ್ ಕೆಳಗಿಳಿಸಿ, ತುದಿಯನ್ನು ದುಂಡಗೆ ಮಾಡಿ, ಸ್ಪಷ್ಟವಾಗಿ ಕಾಣುವ ಬಾಲವನ್ನೇ ಕೊಟ್ಟೆ. ಶಾಲೆಯಲ್ಲಿ ಮೇಷ್ಟರು ‘ಹೊಟ್ಟೆ ಸೀಳಿದ ಷ’ ಎನ್ನುತ್ತಿದ್ದರಲ್ಲ, ಆ ‘ಷ’ದ ಒಳಗೆರೆಯನ್ನೂ ಇದೇ ಕಾಳಜಿಯಿಂದ ತೆಳ್ಳಗೆ ಮಾಡಿದೆ.

ಕೊಂಬಿನ ವಿಷಯದಲ್ಲಿ ನಮ್ಮ ಹಿರಿಯರ ಜಾಣತನಕ್ಕೆ ತಲೆಬಾಗಿದೆ. ‘ವ’ಕ್ಕೆ ಸಾಮಾನ್ಯ ಕೊಂಬನ್ನು ಬಲಗಡೆಗೆ ಹಚ್ಚಿದರೆ ಅದು ‘ಮ’ ಆಗಿಬಿಡುತ್ತದೆ. ಅದಕ್ಕೇ ‘ವು’, ‘ಪು’ಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ಕೈಬರಹದಲ್ಲಿ ಇದನ್ನು ಯೋಚಿಸದೆಯೇ ಬರೆಯುತ್ತೇವೆ. ಬಿಡಿಸಲು ಕೂತಾಗ ಮಾತ್ರ ಅದರ ಹಿಂದಿನ ಕಾರಣ ಎದುರಿಗೆ ಬಂದು ನಿಲ್ಲುತ್ತದೆ.

ಒತ್ತಕ್ಷರ

ಕಂಪ್ಯೂಟರಿನಲ್ಲಿ ಪ್ರತಿ ಲಿಪಿಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾಗಿರುವುದು 128 ಮನೆಗಳು, ಅವುಗಳಲ್ಲಿ ಕೆಲವು ಖಾಲಿ. ಆದರೆ ಫಾಂಟಿನೊಳಗೆ ಬಿಡಿಸಬೇಕಾದ ಆಕಾರಗಳು ಅದಕ್ಕಿಂತ ಎಷ್ಟೋ ಹೆಚ್ಚು. ಗುಡಿಸು ಬಂದರೆ ತಲೆಕಟ್ಟು ಹೋಗಬೇಕು, ಎತ್ವ ಬಂದರೂ ಹೋಗಬೇಕು. ಆದ್ದರಿಂದ ಪ್ರತಿ ವ್ಯಂಜನಕ್ಕೂ ತಲೆಕಟ್ಟು ಇರುವ ರೂಪ, ಇಲ್ಲದ ರೂಪ, ಗುಡಿಸಿನ ರೂಪ, ಎತ್ವದ ರೂಪ, ಒತ್ತಿನ ರೂಪ ಎಲ್ಲವೂ ಬೇಕು. ಖ, ಜ, ಣ, ಬ, ಲ ಮುಂತಾದ ಕೆಲವಕ್ಕೆ ತಲೆಕಟ್ಟೇ ಇಲ್ಲವಾದ್ದರಿಂದ ಅಷ್ಟು ಉಳಿತಾಯ. ನನ್ನ ಕಡತದಲ್ಲಿ ಒಟ್ಟು 212 ಆಕಾರಗಳಾದವು.

ಒತ್ತುಗಳಲ್ಲಿ ತ, ನ, ಮ, ಯ, ರ, ಲ ಇವು ಆರಕ್ಕೆ ತಮ್ಮದೇ ರೂಪ ಇದೆ. ಉಳಿದವು ಹೆಚ್ಚುಕಡಿಮೆ ತಲೆಕಟ್ಟಿಲ್ಲದ ಪುಟ್ಟ ಅಕ್ಷರಗಳು. ಪುಟ್ಟದು ತಾನೇ ಎಂದು ದೊಡ್ಡದನ್ನೇ ನೂರಕ್ಕೆ ಅರುವತ್ತರಷ್ಟಕ್ಕೆ ಕುಗ್ಗಿಸಿದೆ. 140ರ ಗೆರೆ 84ಕ್ಕೆ ಇಳಿಯಿತು. ದೊಡ್ಡ ಅಕ್ಷರದ ಕೆಳಗೆ ಉಪವಾಸ ಬಿದ್ದವರ ಹಾಗೆ ಕಾಣುತ್ತಿತ್ತು. ಎಲ್ಲ ಒತ್ತುಗಳ ಎಲುಬನ್ನು ಮತ್ತೆ ಎಳೆದು, 96 ಅಗಲ 84 ಎತ್ತರದ ಮೊನೆಯಿಂದ ಮೈ ತುಂಬಿದೆ. ಆಗ ಒತ್ತಿಗೂ ಅಕ್ಷರಕ್ಕೂ ಒಂದೇ ಮನೆಯ ಮಕ್ಕಳ ಹೋಲಿಕೆ ಬಂತು.

‘ರಾಷ್ಟ್ರ’ದಂತಹ ಎರಡೊತ್ತಿನ ಪದಗಳಿಗೆ ಅಗಲವೇ ಕೈ ಹಿಡಿಯಿತು. ಒಂದರ ಕೆಳಗೊಂದು ಇಳಿಸಿದರೆ ಸಾಲಿನ ಎತ್ತರ ಕೈಮೀರುತ್ತದೆ. ಅಕ್ಷರ ಅಗಲವಾಗಿರುವುದರಿಂದ ಮೊದಲ ಒತ್ತು ಕೆಳಗೆ, ಎರಡನೆಯದು ಅದರ ಬಲಕ್ಕೆ, ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ. ‘ಸ್ವಾತಂತ್ರ್ಯ’ವೂ ಹೀಗೆಯೇ ಸಲೀಸಾಗಿ ಕೂತಿತು. ಅದನ್ನು ತೆರೆಯ ಮೇಲೆ ಮೊದಲ ಸಲ ಸರಿಯಾಗಿ ನೋಡಿದ ರಾತ್ರಿ ನಾನು ಮಲಗಿದ್ದು ಎರಡು ಗಂಟೆಗೆ.

ಅರ್ಕಾವತ್ತು ದರಪಟ್ಟಿಗೆ ಬೇಕೇ ಬೇಕಿತ್ತು, ಅಲ್ಲಿ ‘ಮಿರ್ಚಿ’ ಇದೆ. ‘ರ್’ ಕೀಲಿಮಣೆಯಲ್ಲಿ ಮೊದಲು ಬಂದರೂ ಬರಹದಲ್ಲಿ ಅದು ‘ಚಿ’ಯ ನಂತರ ಬಲಗಡೆಗೆ ಹೋಗಿ ನಿಲ್ಲುತ್ತದೆ. ಆ ಜಾಗ ಬದಲಾವಣೆಯನ್ನು ಕಂಪ್ಯೂಟರಿನ ಲಿಪಿ ಜೋಡಿಸುವ ತಂತ್ರಾಂಶವೇ ಮಾಡುತ್ತದೆ, ಫಾಂಟಿನಲ್ಲಿ ನಾವು ಸರಿಯಾದ ನಿಯಮದಡಿ ಆಕಾರವನ್ನು ಒದಗಿಸಿರಬೇಕು ಅಷ್ಟೆ. ನಾನು ಅದನ್ನು ತಪ್ಪು ನಿಯಮದಡಿ ಸೇರಿಸಿದ್ದೆ. ‘ಮಿರ್ಚಿ’ ಎಂದು ಕೀಲಿಸಿದರೆ ‘ರ’ದ ಕೆಳಗೆ ಚಕಾರದ ಒತ್ತು ಬರುತ್ತಿತ್ತು. ಸರಿಯಾದ ನಿಯಮದಡಿ ತಂದ ಮೇಲೆ ಸರಿಹೋಯಿತು.

ಅಂಗಡಿಯ ಕಂಪ್ಯೂಟರಿನಲ್ಲಿ ಹಾಕಿದಾಗ ಒತ್ತುಗಳ ಕೆಳಭಾಗ ಕತ್ತರಿಸಿಹೋಗುತ್ತಿತ್ತು. ಫಾಂಟಿನಲ್ಲಿ ತಳಗೆರೆಯ ಕೆಳಗಿನ ಮಿತಿಯನ್ನು 250 ಎಂದು ಬರೆದಿದ್ದೆ, ಆದರೆ ಒತ್ತು ಇಳಿಯುತ್ತಿದ್ದದ್ದು 350ರ ಸಮೀಪಕ್ಕೆ. ಮಿತಿಯನ್ನು 420 ಮಾಡಿದೆ.

ಫ್ಲೆಕ್ಸ್ ತುಂಡಿನ ಮೇಲೆ ಮೊದಲ ಪರೀಕ್ಷೆ

ಬೋರ್ಡಿನ ಅಳತೆ ಹತ್ತು ಅಡಿ ಅಗಲ, ಮೂರು ಅಡಿ ಎತ್ತರ. ಒಂದು ಯೂನಿಟ್ಟಿಗೆ ಅರ್ಧ ಮಿಲಿಮೀಟರ್ ಎಂದು ಲೆಕ್ಕ ಹಾಕಿದೆ. ‘ಬೆಣ್ಣೆದೋಸೆ’ ನನ್ನ ಫಾಂಟಿನಲ್ಲಿ ಸುಮಾರು 4800 ಯೂನಿಟ್, ಅಂದರೆ 2.4 ಮೀಟರ್. ಎರಡೂ ಪಕ್ಕ ಬೇಕಾದಷ್ಟು ಉಸಿರಾಡುವ ಜಾಗ. ಈ ಪದದಲ್ಲಿ ಎಲ್ಲ ಕಷ್ಟಗಳೂ ಒಟ್ಟಿಗೆ ಸೇರಿವೆ. ‘ಣ’ ಬಹಳ ಅಗಲ. ಅದರ ನಡುವೆ ಅಡ್ಡಲಾಗಿ ಒಂದು ದಾರ ಹಿಡಿದರೆ ನನ್ನ ಚಿತ್ರದಲ್ಲಿ ನಾಲ್ಕು ಕಡೆ ಕಪ್ಪನ್ನು ದಾಟುತ್ತದೆ. ನಾಲ್ಕು ಗೆರೆಗೆ 560, ಮೂರು ಸಂದಿಗೆ 150ರಂತೆ 450, ಅಲ್ಲಿಗೆ ಸಾವಿರ ದಾಟಿತು. ಅದರ ಕೆಳಗೆ ಮತ್ತೆ ಅದೇ ‘ಣ’ದ ಒತ್ತು. ‘ದೋ’ದಲ್ಲಿ ಎತ್ವ, ಕೊಂಬಿನ ಇಳಿ, ದೀರ್ಘ ಮೂರೂ ಬಂದು ಅದು ‘ಣ’ವನ್ನೂ ಮೀರಿಸುತ್ತದೆ.

ಉಳಿಕೆ ಫ್ಲೆಕ್ಸ್ ತುಂಡಿನ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಒಂದು ಭಾನುವಾರ ಬೆಳಗ್ಗೆ ಹಳೆಯ ಬೋರ್ಡಿನ ಮೇಲೆ ಕಟ್ಟಿದೆ. ಚಿಕ್ಕಪ್ಪ ಕಾವಲಿಯನ್ನು ಹುಡುಗನ ಕೈಗೆ ಬಿಟ್ಟು, ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದು ನನ್ನ ಪಕ್ಕ ನಿಂತರು. ಒಂದು ನಿಮಿಷ ನೋಡಿದರು.

“ಇದೇನಪ್ಪ, ಬೆಣೆ ದೋಸೆ ಎಂದು ಬರೆದಿದ್ದೀಯಲ್ಲ?”

“ಇಲ್ಲ ಚಿಕ್ಕಪ್ಪ, ಒತ್ತು ಇದೆ. ಕೆಳಗೆ ನೋಡಿ.”

“ನನಗೆ ನೀನು ತೋರಿಸಿದೆ, ಕಂಡಿತು. ಬಸ್ಸಿನಲ್ಲಿ ಹೋಗುವವನಿಗೆ ಯಾರು ತೋರಿಸುತ್ತಾರೆ?”

ಅವರ ಮಾತು ಪೂರ್ತಿ ನಿಜ. ಬೆಣೆ ಎಂದರೆ ಮರ ಸೀಳಲು ಹೊಡೆಯುವ ತುಂಡು, ಅದನ್ನು ಯಾರೂ ತಿನ್ನಲು ಬರುವುದಿಲ್ಲ. ಅಕ್ಷರಕ್ಕೂ ಒತ್ತಿಗೂ ನಡುವೆ ನಾನು ಬಿಟ್ಟಿದ್ದ ಸಂದಿ 18 ಯೂನಿಟ್, ಬೋರ್ಡಿನ ಮೇಲೆ ಒಂಬತ್ತು ಮಿಲಿಮೀಟರ್. ಮೇಜಿನ ಮೇಲೆ ಅದು ಬಹಳ ಅಂದವಾಗಿ ಕಾಣುತ್ತಿತ್ತು, ಒತ್ತು ಅಕ್ಷರದ ಮಡಿಲಲ್ಲಿ ಮಲಗಿದ ಹಾಗೆ. ರಸ್ತೆಯ ಆಚೆಯಿಂದ ಆ ಸಂದಿಯೇ ಇರಲಿಲ್ಲ. ‘ಣ’ ಮತ್ತು ಅದರ ಒತ್ತು ಬೆಸೆದುಕೊಂಡು ಯಾವುದೋ ಅಲಂಕಾರದ ‘ಣ’ವಾಗಿತ್ತು. ಅಕ್ಷರದ ಒಳಗಿನ ಖಾಲಿ ಜಾಗಕ್ಕೆ ಅಷ್ಟು ಕಾಳಜಿ ಕೊಟ್ಟವನು ಎರಡು ಅಕ್ಷರಗಳ ನಡುವಿನ ಖಾಲಿಯನ್ನು ಮರೆತಿದ್ದೆ.

ಸಂದಿಯನ್ನು 50ಕ್ಕೆ ಏರಿಸಿದೆ. ಒತ್ತುಗಳೆಲ್ಲ 32 ಯೂನಿಟ್ ಕೆಳಗಿಳಿದವು. ಕೆಳಮಿತಿ 420 ಇಟ್ಟಿದ್ದರಿಂದ ಯಾವುದೂ ಕತ್ತರಿಸಿಹೋಗಲಿಲ್ಲ. ಒತ್ತನ್ನು ಕೊಂಚ ಬಲಕ್ಕೂ ಸರಿಸಿದೆ, ಒತ್ತು ಹುಟ್ಟುವುದು ಅಕ್ಷರದ ಬಲತುದಿಯಿಂದ ಎನ್ನುವ ಕೈಬರಹದ ರೂಢಿಗೆ ಅದು ಹತ್ತಿರ. ಅದರಿಂದ ಒತ್ತಿನ ಬಲತುದಿ ಮುಂದಿನ ‘ದೋ’ದ ಕೆಳಗೆ ನುಸುಳಿತು. ‘ದ’ಕ್ಕೆ ಒತ್ತಿಲ್ಲವಾದ್ದರಿಂದ ಅಲ್ಲಿ ಜಾಗ ಇದೆ, ತೊಂದರೆಯಿಲ್ಲ. ಆದರೆ ಎರಡು ಒತ್ತಕ್ಷರಗಳು ಅಕ್ಕಪಕ್ಕ ಬಂದರೆ ಡಿಕ್ಕಿ. ಒತ್ತಿರುವ ಅಕ್ಷರದ ಮುಂದೆ ಮತ್ತೊಂದು ಒತ್ತಕ್ಷರ ಬಂದಾಗ ಮಾತ್ರ 60 ಯೂನಿಟ್ ಹೆಚ್ಚು ಜಾಗ ಬಿಡುವ ನಿಯಮ ಬರೆದೆ.

ಕತ್ತರಿಸುವುದು, ಬೆಳಗಿಸುವುದು

ಅಕ್ರಿಲಿಕ್ ಕತ್ತರಿಸುವ ರೂಟರ್ ಯಂತ್ರದ ‘ಬಿಟ್’, ಅಂದರೆ ಕೊರೆಯುವ ಅಲಗು, ದುಂಡಗೆ ತಿರುಗುವ ಕಡ್ಡಿ. ನಮ್ಮಲ್ಲಿರುವುದು ಆರು ಮಿಲಿಮೀಟರಿನದು. ಮೊನಚಾದ ಒಳಮೂಲೆ ಎಷ್ಟೇ ಬಿಡಿಸಿಕೊಟ್ಟರೂ ಅದು ಮೂರು ಮಿಲಿಮೀಟರ್ ತ್ರಿಜ್ಯದ ದುಂಡು ಮೂಲೆಯನ್ನೇ ಕೊಡುತ್ತದೆ. ಬೇರೆ ಫಾಂಟುಗಳಲ್ಲಿ ಆಮೇಲೆ ಅರದಿಂದ ಉಜ್ಜಿ ಮೂಲೆ ತೆಗೆಯಬೇಕು. ನನ್ನ ಅಕ್ಷರದಲ್ಲಿ ಮೂಲೆಗಳೇ ಇಲ್ಲ. ಗೆರೆಗಳು ಕೂಡುವ ಕಡೆಗಳಲ್ಲೂ ಒಳಮೂಲೆಗಳನ್ನು ಮೊದಲೇ ಹತ್ತು ಯೂನಿಟ್ ದುಂಡು ಮಾಡಿದ್ದೆ. ಯಂತ್ರ ನಿಲ್ಲದೆ, ನಡುಗದೆ, ಒಂದೇ ಉಸಿರಿಗೆ ಸುತ್ತು ಮುಗಿಸುವುದನ್ನು ನೋಡುವುದೇ ಒಂದು ಸುಖ. ಬೇಡದ ಬಿಂದುಗಳನ್ನು ತೆಗೆದ ಬೇಸರದ ಕೆಲಸ ಇಲ್ಲಿ ಫಲ ಕೊಟ್ಟಿತು.

ಎಲ್ಲ ಅಕ್ಷರವನ್ನೂ ಒಮ್ಮೆಲೇ ಕತ್ತರಿಸಲಿಲ್ಲ. ‘ಣ್ಣೆ’ ಒಂದನ್ನೇ ಮಾಡಿ, ಒಳಗೆ ಎಲ್‌ಇಡಿ ಮಾಡ್ಯೂಲುಗಳನ್ನು ಅಂಟಿಸಿ, ಹಾಲುಬಿಳುಪಿನ ಮುಖ ಹಾಕಿ, ಸಂಜೆ ಏಳೂವರೆಗೆ ಹೋಟೆಲಿನ ಮುಂದೆ ಏಣಿಗೆ ಕಟ್ಟಿ ದೀಪ ಹಾಕಿದೆ. ರಸ್ತೆ ದಾಟಿ ಹೋಗಿ ತಿರುಗಿ ನೋಡಿದಾಗ ಎದೆ ಧಸಕ್ಕೆಂದಿತು. ಹಗಲಿನಲ್ಲಿ ಸ್ಪಷ್ಟವಾಗಿದ್ದ ಒತ್ತಿನ ಒಳಸಂದಿಗಳು ಮಾಯ. ಬೆಳಕು ತನ್ನ ಗೆರೆಯೊಳಗೆ ಇರುವುದಿಲ್ಲ, ಅಂಚು ದಾಟಿ ಹರಡುತ್ತದೆ. ಕತ್ತಲಲ್ಲಿ ಹೊಳೆಯುವ ಅಕ್ಷರ ತನ್ನ ಅಳತೆಗಿಂತ ದಪ್ಪವಾಗಿ ಕಾಣುತ್ತದೆ. ನನ್ನ 35 ಮಿಲಿಮೀಟರಿನ ಸಂದಿಗಳನ್ನು ಎರಡೂ ಕಡೆಯ ಬೆಳಕು ನುಂಗಿಹಾಕಿತ್ತು. ತುದಿಗಳು ಮಾತ್ರ ದುಂಡಗಿದ್ದದ್ದರಿಂದ ಆಕಾರ ಕೆಟ್ಟಿರಲಿಲ್ಲ, ಉಬ್ಬಿತ್ತು ಅಷ್ಟೆ.

ಎಲುಬನ್ನು ಕಾಪಾಡಿಟ್ಟದ್ದು ಆಗ ಕೈ ಹಿಡಿಯಿತು. ಅದೇ ರಾತ್ರಿ ಎಲುಬಿನ ಕಡತ ತೆರೆದು, ಹೊಸ ಮೊನೆ ಕೊಟ್ಟೆ. ಅಕ್ಷರಕ್ಕೆ 124 ಅಗಲ, 104 ಎತ್ತರ. ಒತ್ತಿಗೆ 82 ಅಗಲ, 72 ಎತ್ತರ. ನಡುಗೆರೆ ಇದ್ದಲ್ಲೇ ಇದೆ, ಅಗಲವೂ ಹೆಚ್ಚುಕಡಿಮೆ ಇದ್ದಷ್ಟೇ. ಗೆರೆ ತೆಳ್ಳಗಾದಷ್ಟೂ ಒಳಜಾಗ ಹಿಗ್ಗಿತು. ಅಕ್ಷರದ ನಿಂತ ಗೆರೆಗಳ ನಡುವೆ ಎಂಟು ಮಿಲಿಮೀಟರ್, ಒತ್ತಿನಲ್ಲಿ ಏಳು ಮಿಲಿಮೀಟರ್ ಹೆಚ್ಚು ಸಿಕ್ಕಿತು. ಬಿಂದುಗಳನ್ನು ಮತ್ತೆ ಶುಚಿ ಮಾಡಲು ಎರಡು ಸಂಜೆ ಹಿಡಿಯಿತು. ಈಗ ನನ್ನ ಬಳಿ ಎರಡು ಮೈಗಳಿವೆ. ಮಸಿಯಲ್ಲಿ ಮುದ್ರಿಸಲು ದಪ್ಪದ್ದು, ದೀಪಕ್ಕೆ ಈ ತೆಳುವಾದದ್ದು. ಹಗಲಿನ ದಪ್ಪಕ್ಷರವೂ ರಾತ್ರಿಯ ತೆಳುವಾದದ್ದೂ ನೋಡುವವರಿಗೆ ಒಂದೇ ತೂಕದ್ದಾಗಿ ಕಾಣುತ್ತವೆ.

ಮತ್ತೆ ‘ಣ್ಣೆ’ ಒಂದನ್ನೇ ಕತ್ತರಿಸಿ ಅದೇ ಏಣಿಗೆ ಕಟ್ಟಿದೆ. ಈ ಸಲ ಚಿಕ್ಕಪ್ಪನನ್ನು ಕರೆಯಲಿಲ್ಲ, ಪದ ಗೊತ್ತಿದ್ದವರ ಕಣ್ಣು ತಾನೇ ತುಂಬಿಕೊಂಡುಬಿಡುತ್ತದೆ. ಎದುರಿನ ಹೂವಿನ ಅಂಗಡಿಯಲ್ಲಿ ಕೂತಿದ್ದ ಶಾಲೆಯ ಹುಡುಗಿಗೆ, “ಅಲ್ಲಿ ಯಾವ ಅಕ್ಷರ ಕಾಣುತ್ತಿದೆ, ಓದಮ್ಮ” ಎಂದೆ. ಅವಳು ಕಟ್ಟುತ್ತಿದ್ದ ಮಲ್ಲಿಗೆಯಿಂದ ತಲೆಯೆತ್ತಿ, “ಣ್ಣೆ” ಎಂದಳು, ಣಕಾರವನ್ನು ಒತ್ತಿ.

ಉಳಿದ ಮೂರು ಅಕ್ಷರಗಳನ್ನು ಮರುದಿನವೇ ಕತ್ತರಿಸಿದೆವು. ಎಸಿಪಿ ಶೀಟಿನ ಬಣ್ಣ ಒಲೆಯ ಇದ್ದಿಲಿನ ಕಪ್ಪು, ಅಕ್ಷರ ಬೆಣ್ಣೆಯ ಬಿಳುಪು. ಬಣ್ಣ ಚಿಕ್ಕಮ್ಮ ಆರಿಸಿದ್ದು.

ಒಳಗಿನ ದರಪಟ್ಟಿಗೆ ಮಸಿಯ ದಪ್ಪಕ್ಷರವನ್ನೇ ಬಳಸಿದೆ. ಬೆಣ್ಣೆ ಓಪನ್ ದೋಸೆ, ಖಾಲಿ ದೋಸೆ, ಮಿರ್ಚಿ ಮೂರೂ ಚೆನ್ನಾಗಿ ಕೂತಿವೆ. ದರದ ಅಂಕಿಗಳಲ್ಲಿ ಕನ್ನಡದ ಸೊನ್ನೆ ಅಕ್ಷರಸಾಲಿನ ಸೊನ್ನೆಗಿಂತ (ಅನುಸ್ವಾರಕ್ಕಿಂತ) ಬೇರೆಯಾಗಿ ಕಾಣಲೆಂದು ಅದನ್ನು ಎತ್ತರಕ್ಕೆ ಬಿಡಿಸಿದ್ದೆ, ಅದು ಪಕ್ಕದ ‘೫’ರ ಜೊತೆ ಇನ್ನೂ ಹೊಂದಿಕೊಂಡಿಲ್ಲ. ‘ಝ’ವನ್ನು ಎರಡು ಸಲ ಬಿಡಿಸಿ ಅಳಿಸಿದ್ದೇನೆ. ಅದರ ಒಳಗೆ ಮೂರು ಹೊಟ್ಟೆಗಳಿಗೆ ಜಾಗ ಬೇಕು, 1300 ಯೂನಿಟ್ ಕೊಟ್ಟರೂ ಸಾಲುತ್ತಿಲ್ಲ. ಕಪ್ಪು ಕಾಗದ, ಬ್ಲೇಡು ಮತ್ತೆ ಮೇಜಿನ ಮೇಲೆ ಬಂದಿವೆ.